ಮೂರನೇ ಪಂದ್ಯಕ್ಕೇ ವಿಶ್ವ ಚಾಂಪಿಯನ್! ಆದ್ರೆ ಅದು ನಿಜವಾಗ್ಲೂ ಮೂರನೇ ಪಂದ್ಯನಾ?

ಇವತ್ತಿನ ಎಪಿಸೋಡನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಕೆಲವು ವಾರದ ಹಿಂದೆ ಬಾಕ್ಸಿಂಗ್ ಬಗ್ಗೆ ಮಾತಾಡ್ತಾ ನಾನೊಂದು ಡೈಲಾಗ್ ಹೊಡೆದಿದ್ದೆ. "ಲೋಮಚೆಂಕೊ ಅಂತ ಉಕ್ರೇನ್‌ನ ಒಬ್ಬ ಬಾಕ್ಸರ್, ಮೂರನೇ ಪಂದ್ಯದಲ್ಲೇ ವರ್ಲ್ಡ್ ಚಾಂಪಿಯನ್ ಆದ. ಅನುಭವ ಗಿನುಭವ ಎಲ್ಲ ಸುಮ್ನೆ, ಧೈರ್ಯ ಇದ್ರೆ ಸಾಕು." ಹೇಳುವಾಗ ಚೆನ್ನಾಗೇ ಇತ್ತು. ಆ ಮೂವತ್ತು ಸೆಕೆಂಡ್ ಕತ್ತರಿಸಿ ರೀಲ್ ಹಾಕಿದ್ವಿ, ಅದೂ ಚೆನ್ನಾಗೇ ಓಡ್ತು.

ಆಮೇಲೆ ಪೀಣ್ಯದಿಂದ ಒಂದು ವಾಯ್ಸ್ ನೋಟ್ ಬಂತು. ಹಿಂದೆ ಮೆಷಿನ್ ಓಡೋ ಸದ್ದು. ಹುಡುಗನಿಗೆ ಇಪ್ಪತ್ತೆರಡು ವರ್ಷ, ಐಟಿಐ ಮುಗಿಸಿ ಪೀಣ್ಯ ಎರಡನೇ ಹಂತದ ಒಂದು ವರ್ಕ್‌ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ರೂಮಿಗೆ ಹೋಗ್ತಾನೆ, ಬೆಳಿಗ್ಗೆ ಎದ್ದು ಜಿಮ್‌ನಲ್ಲಿ ಬಾಕ್ಸಿಂಗ್ ಕಲೀತಾನೆ. ಎಂಟು ತಿಂಗಳಾಗಿದೆ. ಎರಡು ಅಮೆಚೂರ್ ಪಂದ್ಯ ಆಡಿದಾನೆ, ಒಂದು ಗೆದ್ದು ಒಂದು ಸೋತಿದಾನೆ. ಈಗ ಯಾರೋ ಒಬ್ಬರು ಬಂದು "ಪ್ರೊ ಫೈಟ್ ಕೊಡಿಸ್ತೀನಿ, ನಾಲ್ಕು ರೌಂಡ್, ಹತ್ತು ಸಾವಿರ" ಅಂದಿದಾರೆ. ವಾಯ್ಸ್ ನೋಟ್‌ನ ಕೊನೇ ಸಾಲು ಇದು: "ಅಣ್ಣ, ನೀವೇ ಹೇಳಿದ್ರಲ್ಲ, ಅನುಭವ ಸುಮ್ನೆ ಅಂತ. ಒಪ್ಕೊಂಡ್ ಬಿಡ್ಲಾ?"

ಆ ರಾತ್ರಿ ನಂಗೆ ನಿದ್ದೆ ಸರಿಯಾಗಿ ಬರ್ಲಿಲ್ಲ. ಯಾಕಂದ್ರೆ ನಾನು ಹೇಳಿದ್ದು ಸುಳ್ಳಲ್ಲ, ಆದ್ರೆ ಪೂರ್ತಿ ನಿಜಾನೂ ಅಲ್ಲ. ಇವತ್ತು ಆ ಉಳಿದ ಅರ್ಧ ನಿಜವನ್ನ ಹೇಳ್ತೀನಿ.

ಮೊದಲು, ಪ್ರೊ ಅಂದ್ರೆ ಏನು?

ಬಾಕ್ಸಿಂಗ್‌ನಲ್ಲಿ ಎರಡು ಲೋಕ ಇವೆ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ರಾಜ್ಯ ಚಾಂಪಿಯನ್‌ಶಿಪ್ ಇವೆಲ್ಲ ಅಮೆಚೂರ್ ಲೋಕ. ಇಲ್ಲಿ ಮೂರು ನಿಮಿಷದ ಮೂರು ರೌಂಡ್. ಒಟ್ಟು ಒಂಬತ್ತು ನಿಮಿಷದಲ್ಲಿ ಕಥೆ ಮುಗೀತು. ಟೂರ್ನಮೆಂಟ್ ಇರುತ್ತೆ, ಗೆದ್ದವರು ಮುಂದಿನ ಸುತ್ತಿಗೆ ಹೋಗ್ತಾರೆ.

ವೃತ್ತಿಪರ ಬಾಕ್ಸಿಂಗ್ ಬೇರೆ. ಇಲ್ಲಿ ಟೂರ್ನಮೆಂಟ್ ಇಲ್ಲ, ಒಂದೊಂದು ಪಂದ್ಯವೂ ಒಂದೊಂದು ಒಪ್ಪಂದ. ಹೊಸಬರಿಗೆ ಸಾಮಾನ್ಯವಾಗಿ ನಾಲ್ಕು ರೌಂಡ್, ಆಮೇಲೆ ಆರು, ಎಂಟು, ಹತ್ತು. ವಿಶ್ವ ಪ್ರಶಸ್ತಿ ಪಂದ್ಯ ಪುರುಷರಿಗೆ ಹನ್ನೆರಡು ರೌಂಡ್, ಅಂದ್ರೆ 36 ನಿಮಿಷ. ಮಹಿಳೆಯರಿಗೆ ಬಹುತೇಕ ಎರಡು ನಿಮಿಷದ ಹತ್ತು ರೌಂಡ್. ಕೈಗವಸು ಚಿಕ್ಕದು: ವೆಲ್ಟರ್‌ವೇಟ್‌ವರೆಗೆ 8 ಔನ್ಸ್, ಅದಕ್ಕಿಂತ ಭಾರದವರಿಗೆ 10 ಔನ್ಸ್. ಜಿಮ್‌ನಲ್ಲಿ ಸ್ಪಾರಿಂಗ್ ಮಾಡುವಾಗ ಹಾಕುವ 16 ಔನ್ಸ್ ದಿಂಬು ಅಲ್ಲ ಇದು.

ಇಲ್ಲಿ ಎದುರಾಳಿಯನ್ನು ಆರಿಸೋದು ಡ್ರಾ ಅಲ್ಲ, ಪ್ರಮೋಟರ್. ಹೊಸ ಹುಡುಗನನ್ನು ಬೆಳೆಸಬೇಕು ಅಂದ್ರೆ ಮೊದಲ ಹತ್ತು ಪಂದ್ಯ ಸುಲಭದ ಎದುರಾಳಿ ಕೊಡ್ತಾರೆ. ಆಗ ದಾಖಲೆ "10-0" ಅಂತ ಹೊಳೆಯುತ್ತೆ. ಹಾಗೇ ಆ ಹೊಳೆಯೋ ಹುಡುಗನ ಎದುರು ನಿಂತು ಸೋಲೋಕೆ ಯಾರಾದ್ರೂ ಬೇಕಲ್ಲ? ಅವರೂ ದುಡ್ಡು ತಗೊಂಡೇ ಬರ್ತಾರೆ. ಈ ಮಾತು ನೆನಪಿಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಲೋಮಚೆಂಕೊ: ಮೂರರ ಹಿಂದೆ ಎಷ್ಟು?

ಈಗ ನನ್ನ ರೀಲ್‌ನ ಹೀರೋಗೆ ಬರೋಣ. ವಾಸಿಲ್ ಲೋಮಚೆಂಕೊ 2013ರ ಅಕ್ಟೋಬರ್‌ನಲ್ಲಿ ಪ್ರೊ ಆದ. 2014ರ ಜೂನ್ 21ರಂದು ಕ್ಯಾಲಿಫೋರ್ನಿಯಾದಲ್ಲಿ ಗ್ಯಾರಿ ರಸೆಲ್ ಜೂನಿಯರ್‌ನನ್ನು ಸೋಲಿಸಿ ಡಬ್ಲ್ಯುಬಿಒ ಫೆದರ್‌ವೇಟ್ ವಿಶ್ವ ಚಾಂಪಿಯನ್ ಆದ. ಅದು ಅವನ ಮೂರನೇ ವೃತ್ತಿಪರ ಪಂದ್ಯ. ಇಲ್ಲಿವರೆಗೆ ನಾನು ಹೇಳಿದ್ದು ಸರಿ.

ಹೇಳದೇ ಬಿಟ್ಟಿದ್ದು ಇದು. ಪ್ರೊ ಆಗೋ ಹೊತ್ತಿಗೆ ಅವನ ಹತ್ರ ಎರಡು ಒಲಿಂಪಿಕ್ ಚಿನ್ನ ಇತ್ತು, 2008ರ ಬೀಜಿಂಗ್ ಮತ್ತು 2012ರ ಲಂಡನ್. ಅಮೆಚೂರ್ ದಾಖಲೆ 396 ಗೆಲುವು, 1 ಸೋಲು. ಸರಿಯಾಗಿ ಕೇಳಿಸ್ಕೊಳ್ಳಿ, ಮುನ್ನೂರ ತೊಂಬತ್ತಾರು ಗೆಲುವು. ಅಪ್ಪನೇ ಕೋಚ್, ಚಿಕ್ಕಂದಿನಿಂದಲೇ ಕೈಗೆ ಗ್ಲೌಸ್.

ಎಲೆಕ್ಟ್ರಾನಿಕ್ ಸಿಟಿ ಭಾಷೇಲಿ ಹೇಳ್ಬೇಕು ಅಂದ್ರೆ, ಲೋಮಚೆಂಕೊ ಫ್ರೆಷರ್ ಅಲ್ಲ, ಲ್ಯಾಟರಲ್ ಹೈರ್. ಹದಿನೈದು ವರ್ಷ ಅನುಭವ ಇರೋ ಆರ್ಕಿಟೆಕ್ಟ್ ಹೊಸ ಕಂಪನಿಗೆ ಸೇರಿದ ಮೊದಲ ದಿನ ಅವನ ಐಡಿ ಕಾರ್ಡ್ ಹೊಸದು, ಲ್ಯಾಪ್‌ಟಾಪ್ ಹೊಸದು, ಕ್ಯಾಂಟೀನ್ ಎಲ್ಲಿದೆ ಅಂತಾನೂ ಗೊತ್ತಿರಲ್ಲ. ಮೂರನೇ ತಿಂಗಳಿಗೆ ಅವನು ಇಡೀ ಪ್ರಾಜೆಕ್ಟ್ ನಡೆಸ್ತಾ ಇದ್ರೆ "ಅಬ್ಬಾ, ಬರೀ ಮೂರು ತಿಂಗಳಲ್ಲಿ!" ಅಂತ ಯಾರಾದ್ರೂ ಬಾಯಿ ಬಿಡ್ತಾರಾ? ಬಾಕ್ಸಿಂಗ್ ದಾಖಲೆ ಎಣಿಸೋದು ಐಡಿ ಕಾರ್ಡ್ ತಾರೀಕಿನಿಂದ, ಅಷ್ಟೇ.

ಇನ್ನೂ ಒಂದು ಇದೆ. ಇಷ್ಟೆಲ್ಲ ಇದ್ದೂ ಲೋಮಚೆಂಕೊ ತನ್ನ ಎರಡನೇ ಪಂದ್ಯದಲ್ಲಿ ಸೋತ! 2014ರ ಮಾರ್ಚ್ 1, ಸ್ಯಾನ್ ಆಂಟೋನಿಯೊ. ಎದುರಿಗೆ ಮೆಕ್ಸಿಕೊದ ಒರ್ಲಾಂಡೊ ಸಾಲಿಡೊ. ಸಾಲಿಡೊ ಆಗಲೇ 12 ಪಂದ್ಯ ಸೋತಿದ್ದ ಮನುಷ್ಯ. ತೂಕದ ಮಿತಿ ಮೀರಿ ಬಂದು ತಕ್ಕಡಿ ಮೇಲೇ ಪ್ರಶಸ್ತಿ ಕಳ್ಕೊಂಡಿದ್ದ. ಆದ್ರೆ ರಿಂಗ್‌ಗೆ ಇಳಿದ ಮೇಲೆ ತಬ್ಬೋದು, ತಳ್ಳೋದು, ಸೊಂಟದ ಕೆಳಗೆ ಗುದ್ದೋದು, ರೆಫರಿ ಕಣ್ಣು ಎಲ್ಲಿದೆ ಅಂತ ನೋಡ್ಕೊಂಡು ಕೆಲಸ ಮುಗಿಸೋದು. ಒಲಿಂಪಿಕ್ಸ್‌ನಲ್ಲಿ ಕಲಿಸದ ಪಾಠ ಎಲ್ಲ ಒಂದೇ ರಾತ್ರಿಗೆ ಕಲಿಸಿಬಿಟ್ಟ. ಲೋಮಚೆಂಕೊ ನಿಧಾನಕ್ಕೆ ಶುರು ಮಾಡಿ, ಹನ್ನೆರಡನೇ ರೌಂಡ್‌ನಲ್ಲಿ ಸಾಲಿಡೊನನ್ನು ಬೀಳಿಸೋ ಹಂತಕ್ಕೆ ತಂದ, ಆದ್ರೆ ಗಂಟೆ ಹೊಡೀತು. ಮೂವರು ತೀರ್ಪುಗಾರರಲ್ಲಿ ಇಬ್ಬರು ಸಾಲಿಡೊಗೆ ಕೊಟ್ಟರು.

ಅಂದ್ರೆ 396 ಗೆಲುವು ಇದ್ದವನಿಗೂ ಪ್ರೊ ಅನುಭವ ಅನ್ನೋದು ಬೇರೇನೇ ಒಂದು ವಿದ್ಯೆ. "ಅನುಭವ ಸುಮ್ನೆ" ಅಂತ ನಾನು ಹೇಳಿದ್ನಲ್ಲ, ಅದಕ್ಕೆ ಉತ್ತರ ಅವನ ದಾಖಲೆಯಲ್ಲೇ ಇತ್ತು. ನಾನು ಓದಿರ್ಲಿಲ್ಲ.

ಲೆಕ್ಕಕ್ಕೆ ಸಿಗದ ಅನುಭವ

ಲೋಮಚೆಂಕೊಗಿಂತ ಮೊದಲೇ ಈ ದಾಖಲೆ ಮಾಡಿದವನು ಥಾಯ್ಲೆಂಡ್‌ನ ಸೇನ್ಸಾಕ್ ಮುವಾಂಗ್‌ಸುರಿನ್. 1975ರ ಜುಲೈ 15ರಂದು ಬ್ಯಾಂಕಾಕ್‌ನಲ್ಲಿ ಸ್ಪೇನ್‌ನ ಪೆರಿಕೊ ಫರ್ನಾಂಡಿಸ್‌ನನ್ನು ಸೋಲಿಸಿ ಡಬ್ಲ್ಯುಬಿಸಿ ಚಾಂಪಿಯನ್ ಆದ. ಅದೂ ಮೂರನೇ ಪಂದ್ಯ. ಹಾಗಾದ್ರೆ ಅವನು ಹೊಸಬನಾ? ಅಲ್ಲ. ಅದಕ್ಕೂ ಮೊದಲು ಅವನು ಮುಯ್ ಥಾಯ್‌ನಲ್ಲಿ ಹೆಸರು ಮಾಡಿದ್ದವನು. ಮೊಣಕೈ, ಮೊಣಕಾಲು, ಒದೆ ಎಲ್ಲ ತಿಂದು ಬೆಳೆದವನಿಗೆ ಬರೀ ಮುಷ್ಟಿ ಎದುರಿಸೋದು ಹೊಸ ನಿಯಮ ಅಷ್ಟೇ, ಹೊಸ ಬದುಕಲ್ಲ. ಆದ್ರೆ ಬಾಕ್ಸಿಂಗ್ ದಾಖಲೆಯಲ್ಲಿ ಆ ಪಂದ್ಯಗಳ ಬೆಲೆ ಸೊನ್ನೆ.

ಇಲ್ಲಿ ನಮ್ಮ ಸಿನಿಮಾ ನೆನಪಾಗುತ್ತೆ. 2019ರಲ್ಲಿ ಬಂದ ಸುದೀಪ್ ಅವರ "ಪೈಲ್ವಾನ್" ನೋಡಿರ್ತೀರಿ. ಕುಸ್ತಿ ಆಡೋನು ಬಾಕ್ಸರ್ ಆಗೋ ಕಥೆ. ಸಿನಿಮಾ ಅಂತ ನಕ್ಕು ಬಿಡಬೇಡಿ, ಆ ಯೋಚನೆಯಲ್ಲಿ ಹುರುಳಿದೆ. ಗರಡಿ ಮನೆಯಲ್ಲಿ ಮಣ್ಣು ಹೊತ್ತು, ದಂಡ ಹೊಡೆದು, ಹತ್ತು ವರ್ಷ ಪಟ್ಟು ಕಲಿತವನ ಕಾಲಿನ ಹಿಡಿತ, ಕತ್ತಿನ ಗಟ್ಟಿ, ನೋವು ತಡೆಯೋ ಗುಣ ಇವು ರಿಂಗ್‌ಗೂ ಜೊತೆಗೆ ಬರ್ತವೆ. ಆದ್ರೆ ಮುಖಕ್ಕೆ ಗುದ್ದು ಬರುವಾಗ ಕಣ್ಣು ಮುಚ್ಚದೇ ಇರೋದು, ದೂರ ಅಳೆಯೋದು ಕುಸ್ತಿಯಲ್ಲಿ ಬರಲ್ಲ. ಅದನ್ನ ಮೊದಲಿಂದ ಕಲೀಬೇಕು.

ಇದಕ್ಕೆ ನಮ್ಮ ಕಾಲದ ಉದಾಹರಣೆ ಫ್ರಾನ್ಸಿಸ್ ನ್ಗಾನು. ಯುಎಫ್‌ಸಿ ಹೆವಿವೇಟ್ ಚಾಂಪಿಯನ್ ಆಗಿದ್ದವನು. 2023ರ ಅಕ್ಟೋಬರ್ 28ರಂದು ರಿಯಾದ್‌ನಲ್ಲಿ ಮೊಟ್ಟಮೊದಲ ಬಾಕ್ಸಿಂಗ್ ಪಂದ್ಯ ಆಡಿದ, ಅದೂ ಟೈಸನ್ ಫ್ಯೂರಿ ಎದುರು. ಮೂರನೇ ರೌಂಡ್‌ನಲ್ಲಿ ಫ್ಯೂರಿಯನ್ನ ನೆಲಕ್ಕೆ ಕೆಡವಿದ! ಹತ್ತು ರೌಂಡ್ ನಿಂತು, ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಸೋತ. ಇಡೀ ಇಂಟರ್‌ನೆಟ್ ಹುಚ್ಚೆದ್ದು ಹೋಯ್ತು. ನಾಲ್ಕು ತಿಂಗಳು ಕಳೀತು. 2024ರ ಮಾರ್ಚ್ 8ರಂದು ಎರಡನೇ ಪಂದ್ಯ, ಆಂಟನಿ ಜೋಶುವಾ ಎದುರು. ಮೂರು ಸಲ ಬಿದ್ದ, ಎರಡನೇ ರೌಂಡ್‌ನಲ್ಲೇ ಕಥೆ ಮುಗೀತು. ಮೊದಲ ಸಲ ಯಾರಿಗೂ ಅವನ ಆಟ ಗೊತ್ತಿರ್ಲಿಲ್ಲ, ಎರಡನೇ ಸಲ ಎದುರಾಳಿ ಅಭ್ಯಾಸ ಮಾಡ್ಕೊಂಡು ಬಂದಿದ್ದ. ನಮಗೆ ಮೊದಲ ಪಂದ್ಯದ ಕ್ಲಿಪ್ ಮಾತ್ರ ಫಾರ್ವರ್ಡ್ ಆಗಿ ಬರುತ್ತೆ.

ಹತ್ತಿದವರು, ಉಳಿದವರು

ಬೇಗ ಹತ್ತೋದು ಬೇರೆ, ಹತ್ತಿ ಅಲ್ಲೇ ಉಳಿಯೋದು ಬೇರೆ. 1956ರ ಮೆಲ್ಬರ್ನ್ ಒಲಿಂಪಿಕ್ ಚಿನ್ನ ಗೆದ್ದ ಪೀಟ್ ರೇಡ್‌ಮೇಕರ್ ಅಂತ ಅಮೆರಿಕದವನು, ತನ್ನ ಮೊದಲ ಪ್ರೊ ಪಂದ್ಯವನ್ನೇ ವಿಶ್ವ ಹೆವಿವೇಟ್ ಪ್ರಶಸ್ತಿಗೆ ಆಡಿದ. 1957ರ ಆಗಸ್ಟ್ 22, ಸಿಯಾಟಲ್, ಎದುರಿಗೆ ಫ್ಲಾಯ್ಡ್ ಪ್ಯಾಟರ್ಸನ್. ಎರಡನೇ ರೌಂಡ್‌ನಲ್ಲಿ ಪ್ಯಾಟರ್ಸನ್‌ನನ್ನೇ ಬೀಳಿಸಿದ. ಆಮೇಲೆ ತಾನು ಹಲವು ಸಲ ಬಿದ್ದು ಆರನೇ ರೌಂಡ್‌ನಲ್ಲಿ ಸೋತ.

ಲಿಯಾನ್ ಸ್ಪಿಂಕ್ಸ್ ಗೆದ್ದೇಬಿಟ್ಟ. 1978ರ ಫೆಬ್ರವರಿ 15, ಲಾಸ್ ವೇಗಸ್. ಅವನಿಗೆ ಎಂಟನೇ ಪಂದ್ಯ, ಎದುರಿಗೆ ಮುಹಮ್ಮದ್ ಅಲಿ. ಹದಿನೈದು ರೌಂಡ್ ಆದ ಮೇಲೆ ತೀರ್ಪು ಸ್ಪಿಂಕ್ಸ್ ಕಡೆ. ಪ್ರಪಂಚ ತಲೆಕೆಳಗಾಯ್ತು. ಏಳು ತಿಂಗಳ ನಂತರ ನ್ಯೂ ಆರ್ಲಿಯನ್ಸ್‌ನಲ್ಲಿ ಮತ್ತೆ ಮುಖಾಮುಖಿ, 36 ವರ್ಷದ ಅಲಿ ತನ್ನ ಪ್ರಶಸ್ತಿ ವಾಪಸ್ ತಗೊಂಡ.

ಉಳಿದವರೂ ಇದಾರೆ. ಜಪಾನ್‌ನ ನವೋಯಾ ಇನೊವೆ 2014ರ ಏಪ್ರಿಲ್‌ನಲ್ಲಿ, ಇಪ್ಪತ್ತು ವರ್ಷಕ್ಕೆ, ಆರನೇ ಪಂದ್ಯದಲ್ಲಿ ವಿಶ್ವ ಚಾಂಪಿಯನ್. ಅದೇ ವರ್ಷದ ಕೊನೆಗೆ, ಎಂಟನೇ ಪಂದ್ಯದಲ್ಲಿ, ಇನ್ನೊಂದು ತೂಕದ ಪ್ರಶಸ್ತಿ. ಅಮೆರಿಕದ ಕ್ಲಾರೆಸ್ಸಾ ಶೀಲ್ಡ್ಸ್ 2017ರ ಆಗಸ್ಟ್‌ನಲ್ಲಿ ನಾಲ್ಕನೇ ಪಂದ್ಯಕ್ಕೇ ಎರಡು ಬೆಲ್ಟ್ ಕಟ್ಕೊಂಡ್ಳು. ಆದ್ರೆ ಆಕೆ ಲಂಡನ್, ರಿಯೊ ಎರಡೂ ಒಲಿಂಪಿಕ್ಸ್‌ನ ಚಿನ್ನ ಗೆದ್ದವಳು. ಇನೊವೆ ಅಪ್ಪನ ಕೈಲಿ ಪುಟ್ಟ ಹುಡುಗನಿದ್ದಾಗಿಂದ ತರಬೇತಿ ತಗೊಂಡವನು. ಮತ್ತೆ ಅದೇ ಕಥೆ: ಕಡಿಮೆ ಪ್ರೊ ಪಂದ್ಯ, ಬೆಟ್ಟದಷ್ಟು ಹಳೇ ಕೆಲಸ.

ಹಾಗಾದ್ರೆ ತಡವಾಗಿ ಶುರು ಮಾಡಿದವರ ಗತಿ ಏನು? ಡಿಯೊಂಟೆ ವೈಲ್ಡರ್‌ನ ನೋಡಿ. ಇಪ್ಪತ್ತರ ಹೊತ್ತಿಗೆ ಬಾಕ್ಸಿಂಗ್ ಶುರು ಮಾಡಿದ. ಮೂರೇ ವರ್ಷದಲ್ಲಿ, 2008ರ ಬೀಜಿಂಗ್‌ನಲ್ಲಿ ಒಲಿಂಪಿಕ್ ಕಂಚು. ಪ್ರತಿಭೆ ಅಂದ್ರೆ ಇದು. ಆದ್ರೆ ಅಮೆಚೂರ್ ಅನುಭವ ಕಡಿಮೆ ಅಂತ ಅವನ ತಂಡಕ್ಕೆ ಗೊತ್ತಿತ್ತು. ಅದಕ್ಕೇ ಅವನನ್ನ ಮೂರನೇ ಪಂದ್ಯಕ್ಕೆ ಚಾಂಪಿಯನ್ ಎದುರು ತಳ್ಳಲಿಲ್ಲ. 32 ಪಂದ್ಯ ಕಾದರು. 33ನೇ ಪಂದ್ಯದಲ್ಲಿ, 2015ರ ಜನವರಿಯಲ್ಲಿ, ಅವನು ವಿಶ್ವ ಚಾಂಪಿಯನ್ ಆದ.

ಈ ಲೆಕ್ಕ ನೋಡಿ. ಹಳೇ ಅನುಭವ ಜಾಸ್ತಿ ಇದ್ದವನಿಗೆ ಪ್ರೊ ದಾರಿ ಚಿಕ್ಕದು. ಹಳೇ ಅನುಭವ ಕಡಿಮೆ ಇದ್ದವನಿಗೆ ದಾರಿ ಉದ್ದ. ಎರಡನ್ನೂ ಕೂಡಿಸಿದ್ರೆ ಮೊತ್ತದಲ್ಲಿ ಯಾರಿಗೂ ರಿಯಾಯಿತಿ ಸಿಕ್ಕಿಲ್ಲ.

ನಮ್ಮ ಕಡೆ ಏನಾಗ್ತಿದೆ?

ಭಾರತದಲ್ಲಿ ಈ ದಾರಿ ಜನರಿಗೆ ಕಾಣಿಸಿದ್ದು ವಿಜೇಂದರ್ ಸಿಂಗ್‌ರಿಂದ. 2008ರ ಒಲಿಂಪಿಕ್ ಕಂಚು, ಮೂರು ಒಲಿಂಪಿಕ್ಸ್ ಆಡಿದ ಅನುಭವ. 2015ರ ಅಕ್ಟೋಬರ್ 10ರಂದು ಮ್ಯಾಂಚೆಸ್ಟರ್‌ನಲ್ಲಿ ಮೊದಲ ಪ್ರೊ ಪಂದ್ಯ. ಮೊದಲ ಆರೂ ಪಂದ್ಯ ನಾಕೌಟ್‌ನಲ್ಲೇ ಮುಗಿಸಿದರು, ಯಾವುದೂ ಐದನೇ ರೌಂಡ್ ದಾಟಲಿಲ್ಲ. ಏಳನೇ ಪಂದ್ಯ 2016ರ ಜುಲೈ 16ರಂದು ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ, ಯುರೋಪಿಯನ್ ಚಾಂಪಿಯನ್ ಆಗಿದ್ದ ಕೆರಿ ಹೋಪ್ ಎದುರು. ಮೊದಲ ಸಲ ಹತ್ತು ರೌಂಡ್ ಪೂರ್ತಿ ಆಡಿ, ಗೆದ್ದು, ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪ್ರಶಸ್ತಿ ತಗೊಂಡರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಏಷ್ಯಾ ಪೆಸಿಫಿಕ್ ಅನ್ನೋದು ಪ್ರಾದೇಶಿಕ ಪ್ರಶಸ್ತಿ, ವಿಶ್ವ ಪ್ರಶಸ್ತಿ ಅಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಮುಖ್ಯ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಇವುಗಳ ಹೊರಗೆ ಇನ್ನೂ ಹಲವು ಸಂಸ್ಥೆಗಳಿವೆ, ಅವೂ "ವಿಶ್ವ" ಅಂತ ಹೆಸರಿಟ್ಟು ಬೆಲ್ಟ್ ಕೊಡ್ತವೆ. ಆದ್ದರಿಂದ ಯಾರಾದ್ರೂ "ವರ್ಲ್ಡ್ ಚಾಂಪಿಯನ್" ಅಂದಾಗ ಮೊದಲು ಕೇಳಬೇಕಾದ್ದು, "ಯಾವ ಸಂಸ್ಥೆ?" ಬೆಲ್ಟ್ ಎಲ್ಲಾದ್ರೂ ಹೊಳೀತವೆ, ಚಿನ್ನದ ಅಂಗಡಿಯ ಹಾಗೆ ಉಜ್ಜಿ ನೋಡ್ಬೇಕು.

ಈಗ ಕರ್ನಾಟಕಕ್ಕೆ ಬರೋಣ. ನಿಶಾಂತ್ ದೇವ್ ಹೆಸರು ಕೇಳಿರಬಹುದು. ಹುಟ್ಟಿದ್ದು ಹರಿಯಾಣದ ಕರ್ನಾಲ್. ಆದ್ರೆ ಬೆಳೆದ ದಾರಿಯಲ್ಲಿ ನಮ್ಮ ಬಳ್ಳಾರಿ ಇದೆ. ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ತಗೊಂಡವರು. 2021ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ನಡೆದ ಪುರುಷರ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಕರ್ನಾಟಕದ ಪರವಾಗಿ 71 ಕೆ.ಜಿ. ವಿಭಾಗದ ಚಿನ್ನ ಗೆದ್ದರು. ಅದೇ ವರ್ಷ ಬೆಲ್‌ಗ್ರೇಡ್‌ನ ವಿಶ್ವ ಚಾಂಪಿಯನ್‌ಶಿಪ್, 2023ರಲ್ಲಿ ತಾಷ್ಕೆಂಟ್‌ನಲ್ಲಿ ವಿಶ್ವ ಕಂಚು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪದಕಕ್ಕೆ ಒಂದೇ ಹೆಜ್ಜೆ ಇರುವಾಗ ಕ್ವಾರ್ಟರ್ ಫೈನಲ್ ಸೋಲು.

2025ರ ಜನವರಿ 25ರಂದು ಲಾಸ್ ವೇಗಸ್‌ನಲ್ಲಿ ನಿಶಾಂತ್ ಪ್ರೊ ಆದರು. ಮೊದಲ ಪಂದ್ಯ, ಮೊದಲ ರೌಂಡ್‌ನಲ್ಲೇ ಎದುರಾಳಿ ಮುಗಿದ. ಫೋನ್‌ನಲ್ಲಿ ನೋಡಿದವರಿಗೆ ಇದು ಮೂರೇ ನಿಮಿಷದೊಳಗಿನ ಕಥೆ. ಆದ್ರೆ ನಿಶಾಂತ್ ಬಾಕ್ಸಿಂಗ್ ಶುರು ಮಾಡಿದ್ದು 2012ರಲ್ಲಿ. ಆ ಮೂರು ನಿಮಿಷದ ಹಿಂದೆ ಹನ್ನೆರಡು ವರ್ಷ ಇದೆ. ಅದರಲ್ಲಿ ಕೆಲವು ವರ್ಷ ನಮ್ಮ ಬಳ್ಳಾರಿ ಬಿಸಿಲಿನದು.

ನನ್ನ ಎರಡು ನಿಮಿಷ

ನಾನು ಇದನ್ನೆಲ್ಲ ಬರೀ ಓದಿ ಹೇಳ್ತಿಲ್ಲ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡ್ತಿದ್ದಾಗ ಹೋಪ್ ಫಾರ್ಮ್ ಹತ್ರ ಒಂದು ಜಿಮ್‌ಗೆ ಸೇರಿದ್ದೆ. ಮೂರನೇ ಮಹಡಿ, ಕೆಳಗೆ ಹಾರ್ಡ್‌ವೇರ್ ಅಂಗಡಿ. ಆರು ತಿಂಗಳು ಬ್ಯಾಗ್ ಗುದ್ದಿ, ಹಗ್ಗ ಹಾರಿ, ನಾನೂ ಏನೋ ಆಗಿದೀನಿ ಅಂತ ಅನ್ನಿಸಿತ್ತು. ಒಂದಿನ ಕೋಚ್ ಸ್ಪಾರಿಂಗ್ ಮಾಡು ಅಂದ್ರು. ಎದುರಿಗೆ ನನಗಿಂತ ಎಂಟು ಕೆ.ಜಿ. ಕಡಿಮೆ ತೂಕದ, ಪಿಯುಸಿ ಓದ್ತಿದ್ದ ಹುಡುಗ.

ಎರಡು ನಿಮಿಷದ ರೌಂಡ್. ಮೊದಲ ನಲವತ್ತು ಸೆಕೆಂಡ್ ನಾನು ಜೋರು. ಆಮೇಲೆ ಕೈ ಮೇಲೇಳ್ತಿಲ್ಲ. ಉಸಿರು ಬಾಯಲ್ಲಿ. ಅವನ ಜ್ಯಾಬ್ ಬರೋದು ಕಾಣ್ತಿದೆ, ಆದ್ರೆ ತಲೆ ಸರಿಸೋಕೆ ಆಗ್ತಿಲ್ಲ. ಬ್ಯಾಗ್ ತಿರುಗಿ ಗುದ್ದಲ್ಲ, ಅವನು ಗುದ್ತಾನೆ. ಗಂಟೆ ಹೊಡೆದಾಗ ನಾನು ಹಗ್ಗ ಹಿಡ್ಕೊಂಡು ನಿಂತಿದ್ದೆ. ಆ ಹುಡುಗ ಬಂದು "ಸರ್, ನೀರು ಬೇಕಾ?" ಅಂತ ಕೇಳಿದ. ಅವನು ಏಳು ವರ್ಷದಿಂದ ಆಡ್ತಿದಾನೆ ಅಂತ ಆಮೇಲೆ ಗೊತ್ತಾಯ್ತು.

ಅದು 16 ಔನ್ಸ್ ಗ್ಲೌಸ್, ತಲೆಗೆ ಹೆಡ್‌ಗಾರ್ಡ್, ಪಕ್ಕದಲ್ಲಿ ಕೋಚ್. ಪ್ರೊ ಪಂದ್ಯದಲ್ಲಿ ಹೆಡ್‌ಗಾರ್ಡ್ ಇಲ್ಲ, ಗ್ಲೌಸ್ ಅದರ ಅರ್ಧ. ಎದುರಿನವನು ನೀರು ಬೇಕಾ ಅಂತ ಕೇಳೋಕೆ ಬಂದಿರಲ್ಲ.

ಇಲ್ಲಿ ನಿಜವಾದ ಅಪಾಯ ಎಲ್ಲಿದೆ?

ಗುದ್ದು ಬಿದ್ದಾಗ ಮೂಗು ಒಡೆಯೋದು, ತುಟಿ ಸೀಳೋದು ನಮಗೆ ಕಾಣುತ್ತೆ. ಕಾಣದ್ದು ಒಳಗೆ ನಡೆಯುತ್ತೆ. ತಲೆ ಥಟ್ಟನೆ ತಿರುಗಿದಾಗ ಬುರುಡೆಯೊಳಗಿನ ಮಿದುಳು ಅಲುಗುತ್ತೆ. ಮಿದುಳಿನ ಹೊರಗಿನ ಸಣ್ಣ ರಕ್ತನಾಳ ಹರಿದರೆ ನಿಧಾನಕ್ಕೆ ರಕ್ತ ತುಂಬುತ್ತೆ. ಆಗ ಆಟಗಾರ ಎದ್ದು ನಿಂತು ಮಾತಾಡ್ತಲೇ ಇರಬಹುದು. ತಲೆನೋವು, ವಾಂತಿ, ನಿದ್ದೆ ಮಂಪರು ಆಮೇಲೆ ಶುರುವಾಗುತ್ತೆ. ಆ ಹೊತ್ತಿನಲ್ಲಿ ಜೀವ ಉಳಿಯೋದು ಒಂದೇ ಲೆಕ್ಕದ ಮೇಲೆ: ನರಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಎಷ್ಟು ಬೇಗ ತಲುಪಿದ. ಹೆಡ್‌ಗಾರ್ಡ್ ಗಾಯ ಕಡಿಮೆ ಮಾಡುತ್ತೆ, ಮಿದುಳು ಅಲುಗೋದನ್ನ ತಡೆಯಲ್ಲ. ತೂಕ ಇಳಿಸೋಕೆ ಅಂತ ಹಿಂದಿನ ದಿನ ನೀರು ಬಿಟ್ಟು ಬಂದಿದ್ದರೆ ದೇಹಕ್ಕೆ ತಡೆಯೋ ಶಕ್ತಿ ಇನ್ನೂ ಕಡಿಮೆ.

ಅನುಭವಿ ಬಾಕ್ಸರ್ ಕಡಿಮೆ ಗುದ್ದು ತಿಂತಾನೆ. ಬಂದ ಗುದ್ದಿನ ಜೊತೆ ತಲೆ ಸರಿಸ್ತಾನೆ, ಸುಸ್ತಾದಾಗ ಎದುರಾಳಿಯನ್ನ ತಬ್ಬಿ ಉಸಿರು ತಗೋತಾನೆ, ಬೇಕಾದ್ರೆ ಮಂಡಿ ಊರಿ ಎಂಟರ ಎಣಿಕೆ ತಗೋತಾನೆ. ಹೊಸಬನಿಗೆ ಇದ್ಯಾವುದೂ ಗೊತ್ತಿಲ್ಲ, ಅವನ ಹತ್ರ ಧೈರ್ಯ ಮಾತ್ರ ಇರುತ್ತೆ. ಧೈರ್ಯ ಇರೋದ್ರಿಂದಲೇ ಅವನು ನಿಂತೇ ಇರ್ತಾನೆ. ನಿಂತಿರೋದ್ರಿಂದಲೇ ಇನ್ನಷ್ಟು ಗುದ್ದು ಬೀಳುತ್ತೆ.

2022ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಒಂದು ಕೆ-1 ಕಿಕ್‌ಬಾಕ್ಸಿಂಗ್ ಪಂದ್ಯ ನಡೀತು. ಮೈಸೂರಿನ 23 ವರ್ಷದ ಹುಡುಗ ತಲೆಗೆ ಪೆಟ್ಟು ಬಿದ್ದು ರಿಂಗ್‌ನಲ್ಲೇ ಕುಸಿದ. ಕೆಲವು ದಿನಗಳಲ್ಲಿ ತೀರಿಕೊಂಡ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಎಂದು ಕುಟುಂಬದವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿದರು. ಅವನ ವಿಡಿಯೊ ಕೂಡ ಫೋನ್‌ಗಳಲ್ಲಿ ಓಡಾಡ್ತು. ನಾನೂ ನೋಡಿದ್ದೆ. ಆದ್ರೂ ರೀಲ್ ಮಾಡುವಾಗ ನೆನಪಿಗೆ ಬರ್ಲಿಲ್ಲ.

ಒಪ್ಪೋ ಮುಂಚೆ ಕೇಳ್ಬೇಕಾದ ಪ್ರಶ್ನೆಗಳು

ಪೀಣ್ಯದ ಹುಡುಗನಿಗೆ ನಾನು "ಬೇಡ" ಅಂತ ಹೇಳ್ಲಿಲ್ಲ. ಅವನ ಬದುಕು ಅವನದು. ನಾನು ಕಳಿಸಿದ್ದು ಕೆಲವು ಪ್ರಶ್ನೆ. ನಿಮಗೂ, ನಿಮ್ಮ ತಮ್ಮ ತಂಗಿಗೂ ಉಪಯೋಗಕ್ಕೆ ಬರಬಹುದು.

ಒಂದು, ಈ ಪಂದ್ಯಕ್ಕೆ ಲೈಸೆನ್ಸ್ ಯಾರು ಕೊಟ್ಟಿದಾರೆ? ವೃತ್ತಿಪರ ಪಂದ್ಯ ಅಂದ ಮೇಲೆ ಅದನ್ನ ನೋಡ್ಕೊಳ್ಳೋ ಸಂಸ್ಥೆ, ರೆಫರಿ, ತೀರ್ಪುಗಾರರು ಇರಬೇಕು. ಹೆಸರು ಕೇಳಿ, ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ.

ಎರಡು, ಪಂದ್ಯಕ್ಕೆ ಮೊದಲು ಯಾವ ಪರೀಕ್ಷೆ ಮಾಡಿಸ್ತಾರೆ? ಎಚ್‌ಐವಿ, ಹೆಪಟೈಟಿಸ್ ರಕ್ತ ಪರೀಕ್ಷೆ, ಕಣ್ಣಿನ ಪರೀಕ್ಷೆ, ಮಿದುಳಿನ ಸ್ಕ್ಯಾನ್. "ಅದೆಲ್ಲ ಏನೂ ಬೇಡ" ಅಂದ್ರೆ ಅದನ್ನ ಅನುಕೂಲ ಅಂದ್ಕೋಬೇಡಿ, ಅದೊಂದು ಎಚ್ಚರಿಕೆ.

ಮೂರು, ರಿಂಗ್ ಪಕ್ಕ ಡಾಕ್ಟರ್ ಇರ್ತಾರಾ? ಬಾಗಿಲಲ್ಲಿ ಆಂಬ್ಯುಲೆನ್ಸ್ ನಿಂತಿರುತ್ತಾ? ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ? ಸಂಜೆ ಆರು ಗಂಟೆಗೆ ಗೊರಗುಂಟೆಪಾಳ್ಯ ಜಂಕ್ಷನ್ ದಾಟೋಕೆ ಎಷ್ಟು ಹೊತ್ತು ಬೇಕು ಅಂತ ನಿಮಗೆ ನಾನು ಹೇಳ್ಬೇಕಾ? ಸಿಲ್ಕ್ ಬೋರ್ಡ್ ಕಥೆ ಬೇಡವೇ ಬೇಡ.

ನಾಲ್ಕು, ಎದುರಾಳಿ ಯಾರು? ಅವನ ದಾಖಲೆ ಬಾಕ್ಸ್‌ರೆಕ್ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಪ್ರೊ ದಾಖಲೆ ಮಾತ್ರ ನೋಡಬೇಡಿ, ಅಮೆಚೂರ್ ಕಥೆಯನ್ನೂ ವಿಚಾರಿಸಿ. "ಅವನಿಗೂ ಇದು ಮೊದಲನೇ ಪಂದ್ಯ" ಅಂತ ಹೇಳಬಹುದು. ಲೋಮಚೆಂಕೊಗೂ ಒಂದು ಮೊದಲನೇ ಪಂದ್ಯ ಇತ್ತು!

ಐದು, ಇದು ಎಲ್ಲದಕ್ಕಿಂತ ಮುಖ್ಯ. ಈ ಪಂದ್ಯ ಯಾರನ್ನ ಬೆಳೆಸೋಕೆ ಇಟ್ಟಿರೋದು? ಶುರುವಲ್ಲಿ ಹೇಳಿದ್ದೆ, ಹೊಳೆಯೋ ದಾಖಲೆಯ ಎದುರು ಸೋಲೋಕೆ ಯಾರಾದ್ರೂ ಬೇಕು ಅಂತ. ಎಂಟು ತಿಂಗಳ ಅಭ್ಯಾಸ, ಎರಡು ಅಮೆಚೂರ್ ಪಂದ್ಯ, ಹತ್ತು ಸಾವಿರ ಸಂಭಾವನೆ. ಆ ಪೋಸ್ಟರ್‌ನಲ್ಲಿ ದೊಡ್ಡದಾಗಿ ಯಾರ ಫೋಟೊ ಇರುತ್ತೆ, ನಿನ್ನದಾ ಅವನದಾ?

ಈ ಐದನೇ ಪ್ರಶ್ನೆಗೆ ಅವನು ಸ್ವಲ್ಪ ಹೊತ್ತು ಉತ್ತರ ಕೊಡ್ಲಿಲ್ಲ. ಬ್ಲೂ ಟಿಕ್ ಬಂದು ಹಾಗೇ ಇತ್ತು.

ಆಮೇಲೆ ಏನಾಯ್ತು?

ನಾಲ್ಕು ದಿನ ಬಿಟ್ಟು ವಾಯ್ಸ್ ನೋಟ್ ಬಂತು. ಈ ಸಲ ಹಿಂದೆ ಮೆಷಿನ್ ಸದ್ದಿಲ್ಲ, ರಸ್ತೆ ಸದ್ದು. ಪಂದ್ಯ ಕೊಡಿಸ್ತೀನಿ ಅಂದವರಿಗೆ ಆಂಬ್ಯುಲೆನ್ಸ್ ಬಗ್ಗೆ ಕೇಳಿದನಂತೆ. "ಅದೆಲ್ಲ ನೋಡ್ಕೊಳ್ಳೋಣ, ನೀನು ಭಯ ಬಿದ್ದಿದೀಯಾ?" ಅಂದ್ರಂತೆ. ಎದುರಾಳಿಯ ಹೆಸರು ಕೇಳಿದ್ದಕ್ಕೆ "ತೂಕ ಹಾಕೋ ದಿನ ಗೊತ್ತಾಗುತ್ತೆ" ಅಂದ್ರಂತೆ. ಇವನು ತನ್ನ ಕೋಚ್‌ಗೆ ಹೇಳಿದ. ಕೋಚ್‌ಗೆ ಈ ಪಂದ್ಯದ ವಿಷಯವೇ ಗೊತ್ತಿರ್ಲಿಲ್ಲ.

"ಬೇಡ ಅಂದ್ಬಿಟ್ಟೆ ಅಣ್ಣ" ಅಂದ. ಧ್ವನಿಯಲ್ಲಿ ಬೇಜಾರಿತ್ತು, ಅದನ್ನ ನಾನು ಮುಚ್ಚಿಡಲ್ಲ. ಹತ್ತು ಸಾವಿರ ಅಂದ್ರೆ ಅವನಿಗೆ ಎರಡು ತಿಂಗಳ ರೂಮ್ ಬಾಡಿಗೆ. "ಆದ್ರೆ ಕೋಚ್ ಒಂದು ಮಾತು ಹೇಳಿದ್ರು. ಇನ್ನೂ ಹತ್ತು ಅಮೆಚೂರ್ ಪಂದ್ಯ ಆಡು, ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ ಅಂತ."

ಹತ್ತು ಪಂದ್ಯ ಅಂದ್ರೆ ಒಂದು ವರ್ಷ ಆಗಬಹುದು, ಎರಡು ವರ್ಷ ಆಗಬಹುದು. ಅವನ ದಾಖಲೆಯಲ್ಲಿ ಆ ಹತ್ತು ಎಲ್ಲೂ ಕಾಣಲ್ಲ. ಮುಂದೊಂದು ದಿನ ಅವನು ಪ್ರೊ ಆಗಿ ಮೊದಲ ಪಂದ್ಯವನ್ನ ಮೊದಲ ರೌಂಡ್‌ನಲ್ಲೇ ಗೆದ್ದರೆ, ನನ್ನಂಥವನು ಯಾರೋ "ನೋಡಿ, ಅನುಭವ ಇಲ್ಲದ ಹುಡುಗ!" ಅಂತ ರೀಲ್ ಮಾಡ್ತಾನೆ. ಆಗ ನೀವು ಕಾಮೆಂಟ್‌ನಲ್ಲಿ ಹೋಗಿ ಲೆಕ್ಕ ಸರಿ ಮಾಡಿ.

ನನ್ನ ಹಳೇ ರೀಲನ್ನ ತೆಗೆದು ಹಾಕಿದೀನಿ. ಈ ಎಪಿಸೋಡನ್ನ ಅದನ್ನ ನೋಡಿದವರಿಗೆ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.